ಟೆಸ್ಟರ್ ಮೊದಲು, ಕೈ ಆಮೇಲೆ

ಮನೆಯಿಂದ, ಮೆಟ್ಟಿಲ ಕೆಳಗಿನ ವೈರು-ಪೈಪಿನ ಕೋಣೆ
ತಾರೀಖು ಹದಿನಾರು, ಗುರುವಾರ, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಫ್ಯೂಸಮ್ಮನಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಬಲಗಡೆ ಭುಜ ನೋಯುತ್ತದೆ ಎಂದು ಅಮ್ಮನ ಹತ್ತಿರ ಹೇಳಿದೆಯಂತೆ. ಇಡೀ ದಿನ ಕತ್ತೆತ್ತಿಕೊಂಡು ಸೀಲಿಂಗಿನಲ್ಲಿ ಕೆಲಸ ಮಾಡಿದರೆ ನೋಯದೆ ಇರುತ್ತದೆಯೇ? ಏಣಿಯಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ ನಿಲ್ಲು, ಕೈ ತಲೆಯ ಮಟ್ಟ ದಾಟದ ಹಾಗೆ ನೋಡಿಕೋ, ಸಂಜೆ ಬಂದು ಬಿಸಿನೀರಿನ ಶಾಖ ಕೊಡು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ಕೆಲಸಕ್ಕೆ ನಿಂತರೆ ನಿನಗೆ ಹಸಿವಾಗುವುದೇ ಗೊತ್ತಾಗುವುದಿಲ್ಲ. ಅದು ನನ್ನಿಂದ ಬಂದ ಕೆಟ್ಟ ಗುಣ. ನನ್ನಿಂದ ಬಂದ ಇನ್ನೊಂದು ಗುಣ ಯಾವುದು ಎಂದು ನಿನ್ನ ಅಡ್ಡಹೆಸರೇ ಹೇಳುತ್ತದೆ, ನಾನು ಬೇರೆ ಬರೆಯುವುದು ಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನಿಗೆ ಹೋದ ವಾರ ಎರಡು ದಿನ ಜ್ವರ ಬಂದಿತ್ತು, ಈಗ ಗುಣವಾಗಿದೆ. ಬೆಳಿಗ್ಗೆಯಿಂದ ಮೂರು ಸಲ ನನ್ನನ್ನು ಬೈದಿದ್ದಾಳೆ, ಅಂದಮೇಲೆ ಪೂರ್ತಿ ಗುಣವಾಗಿದೆ ಎಂದೇ ತಿಳಿದುಕೋ.

ಅಪ್ಪ ಯಾಕೆ ಕಾಗದ ಬರೆದ, ಫೋನಿಗೆ ಏನಾಯಿತು ಎಂದು ಗಾಬರಿಯಾಗಬೇಡ. ಫೋನು ಸರಿಯಾಗಿಯೇ ಇದೆ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ನಾನು ‘ಹುಷಾರಾ’ ಅನ್ನುತ್ತೇನೆ, ನೀನು ‘ಹುಷಾರು’ ಅನ್ನುತ್ತೀಯ, ನಾನು ‘ಅಮ್ಮಂಗೆ ಕೊಡ್ತೀನಿ’ ಅನ್ನುತ್ತೇನೆ. ಇವತ್ತಿನ ಸುದ್ದಿ ಅಷ್ಟು ಮಾತಿನೊಳಗೆ ಹಿಡಿಯುವುದಿಲ್ಲ. ಸುದ್ದಿ ಏನೆಂದರೆ, ನಿನ್ನ ರಾಜ್ಯದ ಎಲೆಕ್ಟ್ರಿಷಿಯನ್ ಪರೀಕ್ಷೆಯಲ್ಲಿ ನಿನ್ನೆ ನಾನು ಪಾಸಾದೆ. ಬರೆಯುವ ಪರೀಕ್ಷೆಯೂ ಪಾಸು, ಕೈಕೆಲಸದ ಪರೀಕ್ಷೆಯೂ ಪಾಸು. ಐವತ್ತೇಳನೇ ವಯಸ್ಸಿನಲ್ಲಿ, ಕೂದಲು ಉದುರಿದ ಮೇಲೆ. ನಿನ್ನೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದೆ, ಅವರು ಇಳಿದು ಹೋದ ಮೇಲೆ ಆ ಸೀಟಿಗೆ ಬಂದವರಿಗೂ ಹೇಳಿದೆ. ಅಕ್ಷರ ಓರೆಕೋರೆಯಾಗಿದ್ದರೆ ಅದಕ್ಕೆ ವಯಸ್ಸು ಕಾರಣವಲ್ಲ, ಸಂತೋಷ ಕಾರಣ.

ಇನ್ನು ಅಮ್ಮನ ಮೇಲೆ ಸಿಟ್ಟಾಗಬೇಡ. ಎರಡು ತಿಂಗಳ ಹಿಂದೆ ಒಂದು ಭಾನುವಾರ ನಿನ್ನ ಹತ್ತಿರ ಮಾತಾಡಿ ಫೋನಿಟ್ಟವಳೇ ಸೀದಾ ನನ್ನ ಮುಂದೆ ಬಂದು ಕೂತಳು. ‘ಅಪ್ಪಂಗೆ ಹೇಳ್ಬೇಡ ಅಂದಿದಾಳೆ, ಅದಕ್ಕೇ ಹೇಳ್ತಿದೀನಿ, ಕೇಳಿ’ ಅಂದಳು. ಆ ಹಳೇ ಶಾಲೆಯ ಮೂವತ್ತೆರಡು ಕೋಣೆಗೂ ಹೊಸದಾಗಿ ವೈರಿಂಗ್ ಮಾಡುವ ಕೆಲಸ ನಿನಗೆ ಸಿಕ್ಕಿದೆ, ರಜೆಯಲ್ಲೇ ಮುಗಿಸಬೇಕು, ಆದರೆ ಅಷ್ಟು ದೊಡ್ಡ ಕಟ್ಟಡವಾದರೆ ಲೈಸೆನ್ಸ್ ಇರುವವರು ಇಬ್ಬರು ಇರಲೇಬೇಕು ಎಂದು ನಿಮ್ಮಲ್ಲಿ ನಿಯಮ, ಈಗ ಬರುವ ಒಂದನೇ ತಾರೀಖಿನೊಳಗೆ ಎರಡನೆಯವರ ಹೆಸರು ಕೊಡದಿದ್ದರೆ ಕೆಲಸ ಬೇರೆಯವರ ಪಾಲು, ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ನೀನು ಕೇಳಿದವರೆಲ್ಲ ತಮ್ಮ ತಮ್ಮ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದಾರಂತೆ. ಒಬ್ಬನಂತೂ ಹುಡುಗಿಯ ಕೈಕೆಳಗೆ ಬರುವುದಿಲ್ಲ ಅಂದನಂತೆ. ಅವನನ್ನು ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

ನನ್ನ ಲೈಸೆನ್ಸ್ ಅಲ್ಲಿ ನಡೆಯುತ್ತದೆ ಅಂದುಕೊಂಡಿದ್ದೆ. ಎರಡು ರಾಜ್ಯದ ನಡುವಿನ ನದಿ ದಾಟಿದರೆ ಕರೆಂಟಿನ ಜಾತಕ ಬದಲಾಗುತ್ತದೆಯೇ? ನಿಮ್ಮ ಆಫೀಸಿಗೆ ಬರೆದು ಕೇಳಿದರೆ ಉತ್ತರ ಬಂತು: ಇಲ್ಲಿ ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರದು ಮಾತ್ರ ಅಲ್ಲಿ ನಡೆಯುತ್ತದಂತೆ. ನನ್ನದು ಆ ಕಾಲದ್ದು. ನನ್ನ ಮೇಸ್ತ್ರಿ ನನ್ನನ್ನು ಕರೆದುಕೊಂಡು ಹೋಗಿ ಇವನು ಕೆಲಸ ಬಲ್ಲ ಅಂದರು, ಆಫೀಸಿನವರು ಠಸ್ಸೆ ಒತ್ತಿದರು, ಮುಗಿಯಿತು. ಹಾಗಾಗಿ ಮೂವತ್ತೊಂದು ವರ್ಷ ಊರೆಲ್ಲ ದೀಪ ಹಚ್ಚಿದವನು ಮತ್ತೆ ಒಂದನೇ ಪಾಠದಿಂದ ಓದಬೇಕಾಯಿತು. ಇಲ್ಲಿ ನ್ಯೂಟ್ರಲ್ ವೈರು ಕಪ್ಪು, ನಿಮ್ಮಲ್ಲಿ ನೀಲಿ. ಇಲ್ಲಿ ಅಡುಗೆಮನೆಗೂ ಬಚ್ಚಲಿಗೂ ಒಂದೇ ಲೈನ್ ಎಳೆದರೆ ಕೇಳುವವರಿಲ್ಲ, ನಿಮ್ಮಲ್ಲಿ ಬಚ್ಚಲಿಗೆ ಬೇರೆ ಲೈನು, ಅದಕ್ಕೆ ಬೇರೆ ಬ್ರೇಕರು. ಸ್ವಿಚ್ ಬೋರ್ಡಿನ ಎತ್ತರದಲ್ಲೂ ನಾಲ್ಕು ಬೆರಳಿನ ವ್ಯತ್ಯಾಸ. ಅಮ್ಮ ತರಕಾರಿ ಹೆಚ್ಚುತ್ತಾ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಪ್ರಶ್ನೆ ಕೇಳುವಳು. ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಉತ್ತರವನ್ನೂ ಅವಳೇ ಹೇಳುವಳು. ಮೂರನೇ ವಾರಕ್ಕೆ ಅವಳಿಗೆ ಪುಸ್ತಕ ಬೇಕಾಗಿರಲಿಲ್ಲ. ಪರೀಕ್ಷೆಗೆ ಅವಳನ್ನೇ ಕಳಿಸಿದ್ದರೆ ನನಗಿಂತ ಹೆಚ್ಚು ಅಂಕ ಬರುತ್ತಿತ್ತು. ಪರೀಕ್ಷೆಯ ದಿನ ಅವಸರದಲ್ಲಿ ಅವಳ ಕನ್ನಡಕವನ್ನೇ ಜೇಬಿಗೆ ಹಾಕಿಕೊಂಡು ಹೋಗಿದ್ದೆ, ನೇರಳೆ ಬಣ್ಣದ್ದು, ಅಂಚಿನಲ್ಲಿ ಹೂವು ಇರುವುದು. ಅದನ್ನೇ ಹಾಕಿಕೊಂಡು ಎರಡು ಗಂಟೆ ಬರೆದೆ. ಯಾರೂ ನಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಬರೆಯುವ ಪರೀಕ್ಷೆ ಹೀಗೆ ದಾಟಿತು. ಅದೇ ದಿನ ಮಧ್ಯಾಹ್ನ ಕೈಕೆಲಸದ ಪರೀಕ್ಷೆ. ಟಯರು ಅಂಗಡಿಯ ಮೇಲಿನ ಆ ಉದ್ದನೆಯ ಕೋಣೆ ನಿನಗೂ ಗೊತ್ತಿರಬೇಕು, ಗೋಡೆಗೆ ಎಂಟು ಮರದ ಬೋರ್ಡು, ಕೆಳಗಿನಿಂದ ರಬ್ಬರಿನ ವಾಸನೆ. ಬೋರ್ಡಿನಲ್ಲಿ ಅವರೇ ಒಂದು ದೋಷ ಇಟ್ಟಿರುತ್ತಾರೆ, ಹುಡುಕಿ ಸರಿ ಮಾಡಬೇಕು. ಎಲ್ಲರಿಗೂ ಅರ್ಧ ಗಂಟೆ. ನಾನು ಏಳೇ ನಿಮಿಷದಲ್ಲಿ ಹಿಡಿದೆ, ಜಾಯಿಂಟೊಂದು ಸಡಿಲವಾಗಿತ್ತು. ಎದೆಯುಬ್ಬಿಸಿಕೊಂಡು ಮೇನ್ ಆಫ್ ಮಾಡಿದೆ, ಅಭ್ಯಾಸದಂತೆ ಬೆರಳುಗಳ ಹಿಂಬದಿಯನ್ನು ವೈರಿನ ಹತ್ತಿರ ತಂದೆ. ಅಷ್ಟೇ. ಪರೀಕ್ಷೆ ಮಾಡುವ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು, ಹಿಂದಿನಿಂದ ಒಂದೇ ಮಾತು ಅಂದರು: ‘ಯಜಮಾನ್ರೇ, ಕೈ ತೆಗೀರಿ.’

ಈ ಮಾತು ನಾನು ಕೇಳಿದ್ದು ಇದೇ ಮೊದಲಲ್ಲ. ಅದು ನಿನಗೂ ಗೊತ್ತು. ಬೆರಳ ಹಿಂಬದಿಯಿಂದ ಮುಟ್ಟಿ ನೋಡುವುದು ನನಗೆ ಮೇಸ್ತ್ರಿ ಹೇಳಿಕೊಟ್ಟದ್ದು. ‘ಅಂಗೈಲಿ ಮುಟ್ಟಿದ್ರೆ ಕರೆಂಟು ಹಿಡ್ಕೊಳ್ಳತ್ತೆ ಕಣೋ, ಹಿಂದಿನಿಂದ ಮುಟ್ಟಿದ್ರೆ ಕೈನ ಆಚೆ ಬಿಸಾಕತ್ತೆ’ ಎಂದು ಹೇಳಿ, ಅವರೂ ಹಾಗೇ ಮಾಡುತ್ತಿದ್ದರು. ಟೆಸ್ಟರ್ ಜೇಬಿನಲ್ಲೇ ಇರುತ್ತಿತ್ತು, ಕಿವಿ ಕೆರೆದುಕೊಳ್ಳಲು. ನಾನು ಆ ಹೆಂಗಸಿನ ಹತ್ತಿರ ವಾದ ಮಾಡಿದೆ, ಮೂವತ್ತೊಂದು ವರ್ಷದಿಂದ ಹೀಗೇ ಮಾಡ್ತಿದೀನಿ, ಏನೂ ಆಗಿಲ್ಲ ಅಂದೆ. ಅವರು ಕಾಗದದಿಂದ ತಲೆ ಎತ್ತಲೇ ಇಲ್ಲ. ‘ಏನೂ ಆಗ್ದೆ ಇದ್ದಿದ್ದು ನಿಮ್ಮ ಅದೃಷ್ಟ. ನಾನು ಅದೃಷ್ಟಕ್ಕೆ ಲೈಸೆನ್ಸ್ ಕೊಡಲ್ಲ’ ಅಂದರು. ದೋಷ ಹುಡುಕಿದ್ದಕ್ಕೆ ಪೂರ್ತಿ ಅಂಕ, ಸುರಕ್ಷತೆಗೆ ಸೊನ್ನೆ. ಒಂದು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದು ಚೀಟಿ ಕೊಟ್ಟರು.

ಮೆಟ್ಟಿಲಿಳಿಯುವಾಗ ಪರೀಕ್ಷೆಯ ಚಿಂತೆ ಇರಲಿಲ್ಲ ಮಗಳೇ, ನಾಲ್ಕು ವರ್ಷದ ಹಿಂದೆ ನಾವಿಬ್ಬರೂ ಕೆಲಸಕ್ಕೆ ಹೋಗಿದ್ದ ಲಾಂಡ್ರಿ ಕಣ್ಣಮುಂದೆ ಬಂತು. ಆ ದೊಡ್ಡ ಮೆಷಿನ್‌ಗಳ ಹಿಂದೆ, ಸೋಪಿನ ಹಬೆಯಲ್ಲಿ, ಅಂಗಡಿಯ ಯಜಮಾನಿ ನೋಡುತ್ತಿರುವಾಗ ನೀನು ನನ್ನ ಮಣಿಕಟ್ಟು ಹಿಡಿದುಕೊಂಡೆ. ‘ಅಪ್ಪ, ಕೈ ತೆಗಿ. ಮೊದ್ಲು ಟೆಸ್ಟರ್ ಹಾಕು’ ಅಂದೆ. ನೆಲವೆಲ್ಲ ಒದ್ದೆಯಾಗಿತ್ತು, ಮೆಷಿನ್ನಿಗೆ ಇನ್ನೊಂದು ಕಡೆಯಿಂದಲೂ ಲೈನ್ ಬಂದಿತ್ತು, ನೀನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಮಾತ್ರ ಪಿತ್ತ ನೆತ್ತಿಗೇರಿತು. ಗಿರಾಕಿಯ ಮುಂದೆ ಮಗಳು ಪಾಠ ಹೇಳುವುದೇ ಎಂದು. ‘ಮೊದ್ಲು ನಿನ್ನ ಹೆಸರಲ್ಲೊಂದು ಲೈಸೆನ್ಸ್ ತಗೊಂಡ್ ಬಾ, ಆಮೇಲೆ ನಂಗೆ ಹೇಳು’ ಅಂದೆ. ಹೇಳಿದವನು ಎಂಥ ಮನುಷ್ಯ ನೋಡು. ಆ ಲೈಸೆನ್ಸ್ ಪರೀಕ್ಷೆಗೆ ಕೂರಲು ನನ್ನ ಹತ್ತಿರ ಐದು ವರ್ಷ ಕೆಲಸ ಕಲಿತಿದ್ದೀಯ ಎಂದು ನಾನೇ ಸಹಿ ಮಾಡಬೇಕಿತ್ತು. ನೀನು ತುಂಬಿ ಕೊಟ್ಟ ಫಾರಂ ಎಂಟು ತಿಂಗಳಿಂದ ನನ್ನ ಡ್ರಾಯರಿನಲ್ಲಿತ್ತು. ಕೇಳಿದಾಗಲೆಲ್ಲ ನೋಡೋಣ ನೋಡೋಣ ಅನ್ನುತ್ತಿದ್ದೆ. ನೀನು ಅವತ್ತು ಕಟಿಂಗ್ ಪ್ಲೇಯರನ್ನು ಒರೆಸಿ ಚೀಲದಲ್ಲಿಟ್ಟು, ಚೀಲವನ್ನು ನನ್ನ ಕಾಲ ಬಳಿ ಇಟ್ಟು ಹೋದೆ. ನದಿಯಾಚೆ ಹೋಗಿ ಏನೂ ಬಾರದವಳ ಹಾಗೆ ಮೊದಲಿನಿಂದ ಶುರು ಮಾಡಿದೆ. ಮೂರು ವರ್ಷ ಬೇರೆಯವರ ಏಣಿ ಹಿಡಿದೆ. ಆ ಮೂರು ವರ್ಷ ನನ್ನ ಡ್ರಾಯರಿನಿಂದ ಹೋದದ್ದು. ಅದರ ಬಗ್ಗೆ ಬರೆಯುವುದಿದೆ, ಆದರೆ ಈಗ ಬರೆದರೆ ಕಾಗದ ಒದ್ದೆಯಾಗುತ್ತದೆ, ಕೊನೆಗೆ ಬರುತ್ತೇನೆ.

ಇನ್ನೊಂದು ಗುಟ್ಟು ಹೇಳುತ್ತೇನೆ, ಬೈಯಬೇಡ. ಫೇಲಾದ ಆ ದಿನ ಬಸ್ಸಿಗೆ ಒಂದು ಗಂಟೆ ಸಮಯವಿತ್ತು. ನಿನ್ನ ವಿಳಾಸ ನನಗೆ ಬಾಯಿಪಾಠ. ಎರಡು ಬೀದಿ ನಡೆದು ಬಂದರೆ ನಿನ್ನ ವ್ಯಾನು ಔಷಧಿ ಅಂಗಡಿಯ ಮುಂದೆ ನಿಂತಿತ್ತು. ನೀನು ಏಣಿಯ ಮೇಲಿದ್ದೆ, ಅಂಗಡಿಯ ಹೆಸರಿನ ಬೋರ್ಡಿನ ದೀಪ ಬಿಚ್ಚುತ್ತಿದ್ದೆ. ನಾನು ಎದುರಿನ ಬಸ್ ಸ್ಟಾಪಿನಲ್ಲಿ ದಿನಪತ್ರಿಕೆ ಬಿಡಿಸಿಕೊಂಡು ಕಳ್ಳನ ಹಾಗೆ ಕೂತೆ. ನೀನು ಟೆಸ್ಟರ್ ತೆಗೆದು ಮೊದಲು ಕರೆಂಟು ಇದ್ದೇ ಇರುವ ಒಂದು ಕಡೆ ಇಟ್ಟು ಅದು ಉರಿಯುತ್ತದೆಯೇ ನೋಡಿದೆ. ಆಮೇಲೆ ನಿನ್ನ ವೈರಿಗೆ ಇಟ್ಟೆ. ಆಮೇಲೆ ಮತ್ತೆ ಮೊದಲಿನ ಜಾಗಕ್ಕೇ ಇಟ್ಟು, ಟೆಸ್ಟರ್ ನಡುವೆ ಕೆಟ್ಟುಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಮೂರು ಸಲ. ಆಮೇಲೆ ಕೈ. ಯಾರೂ ನೋಡುತ್ತಿಲ್ಲ ಅಂದುಕೊಂಡಾಗಲೂ ಮೂರು ಸಲ. ಇದನ್ನು ನಾನು ಕಲಿಸಿದ್ದಲ್ಲ. ಎದ್ದು ಬಂದು ನಿನ್ನ ಏಣಿ ಹಿಡಿದುಕೊಳ್ಳಬೇಕು ಅನ್ನಿಸಿತು. ಆದರೆ ಫೇಲಾದ ಮುಖ ಹೊತ್ತುಕೊಂಡು ಹೇಗೆ ಬರಲಿ? ಬಸ್ ಬಂತು, ಹತ್ತಿದೆ.

ಮನೆಗೆ ಬಂದು ಇದೇ ಕೋಣೆಯ ಗೋಡೆಗೆ ಒಂದು ಬೋರ್ಡು ಕಟ್ಟಿದೆ. ನಾನು ಅಭ್ಯಾಸ ಮಾಡುವುದು, ಅಮ್ಮ ಸ್ಟೂಲಿನ ಮೇಲೆ ಸೌಟು ಹಿಡಿದು ಕೂರುವುದು. ಟೆಸ್ಟರಿಗಿಂತ ಮೊದಲು ನನ್ನ ಬೆರಳು ವೈರಿನ ಕಡೆ ಹೋದ ಕೂಡಲೇ ತಟ್ಟೆಗೆ ಟಣ್ ಎಂದು ಬಾರಿಸುವಳು. ಮೊದಲ ದಿನ ಲೆಕ್ಕವಿಲ್ಲದಷ್ಟು ಸಲ ಬಾರಿಸಿದಳು, ಪಕ್ಕದ ಮನೆಯವರು ಏನು ವಿಶೇಷ ಎಂದು ಬಂದು ಕೇಳಿದರು. ಆಗ ಗೊತ್ತಾಯಿತು, ನಾನು ವೈರನ್ನಷ್ಟೇ ಅಲ್ಲ, ಜಗತ್ತನ್ನೆಲ್ಲ ಬೆರಳ ಹಿಂಬದಿಯಿಂದಲೇ ಮುಟ್ಟುತ್ತೇನೆ. ಸ್ನಾನದ ನೀರು, ಬಾಗಿಲ ಚಿಲಕ, ಫ್ರಿಜ್ಜು, ಹೋದ ವಾರ ಜ್ವರ ಬಂದಾಗ ಅಮ್ಮನ ಹಣೆ. ಹಣೆ ಮುಟ್ಟಿದ್ದಕ್ಕೂ ಅವಳು ಮಲಗಿದಲ್ಲಿಂದಲೇ ‘ಟಣ್’ ಅಂದಳು. ಆಮೇಲೆ ಅವಳೇ ನೆನಪು ಮಾಡಿದಳು, ನೀನು ಹುಟ್ಟಿದ ದಿನ ನಿನ್ನ ಕೆನ್ನೆಯನ್ನೂ ನಾನು ಹಾಗೇ ಮುಟ್ಟಿದ್ದೆನಂತೆ, ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡೆನಂತೆ. ನರ್ಸು ನಕ್ಕು ‘ಶಾಕ್ ಹೊಡಿಯಲ್ಲ, ಎತ್ಕೊಳ್ಳಿ’ ಅಂದಿದ್ದಳು. ಅವಳಿಗೇನು ಗೊತ್ತು, ನೀನು ಮುಂದೆ ಎಷ್ಟು ವೋಲ್ಟಿನವಳಾಗುತ್ತೀಯ ಎಂದು.

ನಿನ್ನೆ ಮತ್ತೆ ಅದೇ ಕೋಣೆ, ಅದೇ ಹೆಂಗಸು, ಬೇರೆ ಬೋರ್ಡು. ನನ್ನದೇ ಕನ್ನಡಕ. ದೋಷ ಹುಡುಕಲು ಈ ಸಲ ಹನ್ನೊಂದು ನಿಮಿಷ ಹಿಡಿಯಿತು, ಅವಸರ ಮಾಡಲಿಲ್ಲ. ಮೇನ್ ಆಫ್ ಮಾಡಿದೆ. ಟೆಸ್ಟರನ್ನು ಮೊದಲು ಪಕ್ಕದ ಬೋರ್ಡಿನಲ್ಲಿ ಕರೆಂಟು ಇರುವ ಪಾಯಿಂಟಿಗೆ ಇಟ್ಟೆ, ಉರಿಯಿತು. ನನ್ನ ವೈರಿಗೆ ಇಟ್ಟೆ. ಉರಿಯಿತು. ಮೇನ್ ಆಫ್ ಆದ ಮೇಲೂ ಉರಿಯಿತು ಮಗಳೇ. ಲಾಂಡ್ರಿಯಲ್ಲಿದ್ದ ಹಾಗೇ ಇನ್ನೊಂದು ಕಡೆಯಿಂದ ಲೈನ್ ಕೊಟ್ಟಿದ್ದರು, ಬೇಕೆಂದೇ. ಹಳೇ ಅಭ್ಯಾಸದಲ್ಲಿ ಮುಟ್ಟಿದ್ದರೆ ನೇರ ಅದರ ಮೇಲೇ ಬೆರಳು ಹೋಗುತ್ತಿತ್ತು. ಎರಡನೇ ಲೈನನ್ನು ಹುಡುಕಿ ಆಫ್ ಮಾಡಿ, ಮತ್ತೆ ಮೊದಲಿನಿಂದ ಮೂರೂ ಸಲ ನೋಡಿ, ಆಮೇಲೆ ಕೈ ಹಾಕಿದೆ. ಹಿಂದಿನಿಂದ ಆ ಹೆಂಗಸು ಬಂದು ನಿಂತರು. ‘ಟೆಸ್ಟರನ್ನೇ ಮೊದಲು ಟೆಸ್ಟ್ ಮಾಡೋರು ನೂರರಲ್ಲಿ ಹತ್ತು ಜನ ಇರಲ್ಲ. ಈ ಒಂದು ತಿಂಗಳಲ್ಲಿ ಯಾರು ಹೇಳಿಕೊಟ್ರು?’ ಅಂದರು. ನನ್ನ ಮಗಳು ಅಂದೆ. ನಿಮ್ಮ ರಾಜ್ಯದ್ದೇ ಲೈಸೆನ್ಸ್ ಅವಳದು, ಅಂತಲೂ ಸೇರಿಸಿದೆ. ಆ ಮಾತು ಹೇಳಿ, ಟೆಸ್ಟರನ್ನು ಒರೆಸಿ ಜೇಬಿಗಿಟ್ಟೆ. ಅವರು ಪಾಸು ಎಂದು ಬರೆದು ನನ್ನ ಕೈ ಕುಲುಕಿದರು. ಅಂಗೈಯಿಂದಲೇ ಕುಲುಕಿದೆ.

ನಿನ್ನನ್ನು ನೋಡದೆ ಬಂದೆ ಎಂದು ಬೇಜಾರು ಮಾಡಿಕೊಳ್ಳಬೇಡ. ಪಾಸಾದ ಮುಖವನ್ನು ತೋರಿಸಬಹುದಿತ್ತು. ಆದರೆ ಕರೆಯದೆ ಬಂದು ನಿನ್ನ ಕೆಲಸದ ಜಾಗದಲ್ಲಿ ನಿಲ್ಲುವುದು ಬೇಡ, ಮೊದಲು ಕೇಳಬೇಕು ಅನ್ನಿಸಿತು. ಭುಜಕ್ಕೆ ಶಾಖ ಕೊಡುವುದು ಮರೆಯಬೇಡ. ಅಮ್ಮ ಹೊಸ ರಗ್ಗು ತೆಗೆದಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತಾಳಂತೆ. ‘ಯಾರಾದರೂ’ ಎನ್ನುವಾಗ ನನ್ನ ಕಡೆ ನೋಡಿದಳು. ನೀನು ಹತ್ತಿದ ಪ್ರತಿ ಏಣಿಯೂ ಗಟ್ಟಿಯಾಗಿ ನಿಲ್ಲಲಿ, ಮುಟ್ಟಿದ್ದೆಲ್ಲ ಬೆಳಗಲಿ.

ಇಂತಿ ನಿನ್ನ ಅಪ್ಪ,
ಸದ್ಯಕ್ಕೆ ಒಂದೂಮುಕ್ಕಾಲು ರಾಜ್ಯದ ಎಲೆಕ್ಟ್ರಿಷಿಯನ್

ತಾ.ಕ.: ಅಂಚೆಗೆ ಹೊತ್ತಾಯಿತು ಎಂದು ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತೇನೆ. ಲಕೋಟೆಯಲ್ಲಿ ಎರಡು ಫಾರಂ ಇವೆ. ಅಂಚು ಹಳದಿಯಾಗಿರುವುದು ನಿನ್ನದು, ಡ್ರಾಯರಿನದು. ಸಹಿ ಮಾಡಿದ್ದೇನೆ. ಇವತ್ತಿನ ತಾರೀಖನ್ನೇ ಹಾಕಿದ್ದೇನೆ, ಹಳೇ ತಾರೀಖು ಹಾಕಿದರೆ ಸುಳ್ಳಾಗುತ್ತಿತ್ತು. ಇದನ್ನು ಕೊಟ್ಟರೆ ನೀನು ಇಲ್ಲಿನ ಪರೀಕ್ಷೆಗೂ ಕೂರಬಹುದು. ಬೇಡವೆಂದರೆ ಹರಿದು ಹಾಕು, ಆದರೆ ನೀನು ಹರಿಯುವುದು ಸಹಿ ಇರುವ ಫಾರಂ ಆಗಿರಲಿ. ಅವತ್ತು ಯಾಕೆ ಮಾಡಲಿಲ್ಲ ಎಂದು ನೀನು ಒಂದು ದಿನವೂ ಕೇಳಲಿಲ್ಲ. ನಿನಗೆ ಲೈಸೆನ್ಸ್ ಬಂದರೆ ನನ್ನ ಜೊತೆ ಕೆಲಸಕ್ಕೆ ಬರುವುದಿಲ್ಲ ಎಂದು ಹೆದರಿದ್ದೆ, ಅಷ್ಟೇ. ತಪ್ಪಾಯಿತು ಮಗಳೇ. ಬಿಳಿಯ ಫಾರಂ ನನ್ನದು. ನಾನು ಪಾಸಾದರೂ, ನಿಮ್ಮ ರಾಜ್ಯದ ಲೈಸೆನ್ಸ್ ಇರುವವರೊಬ್ಬರು ‘ಮೊದಲ ಮೂರು ತಿಂಗಳು ಇವರು ನನ್ನ ಕೈಕೆಳಗೆ ಕೆಲಸ ಮಾಡುತ್ತಾರೆ’ ಎಂದು ಮೂರನೇ ಪುಟದಲ್ಲಿ ಸಹಿ ಹಾಕಿದರೆ ಮಾತ್ರ ನನ್ನ ಲೈಸೆನ್ಸ್ ನಡೆಯುವುದು, ಆಗ ಶಾಲೆಯ ಕೆಲಸಕ್ಕೆ ನನ್ನ ಹೆಸರು ಕೊಡಬಹುದು. ಒಂದನೇ ತಾರೀಖಿಗೆ ಹದಿನೈದು ದಿನ ಇದೆ. ನಿನ್ನದಕ್ಕೆ ನಾನು ಹಾಕಿದೆ ಎಂದು ನೀನು ಹಾಕಬೇಡ. ಅಪ್ಪ ಎಂದೂ ಹಾಕಬೇಡ. ಕರೆಸಿ ಒಂದು ದಿನ ಕೆಲಸ ಮಾಡಿಸಿ ನೋಡು, ಟೆಸ್ಟರಿಗಿಂತ ಮೊದಲು ಕೈ ಹೋದರೆ ನನ್ನನ್ನು ವಾಪಸ್ ಬಸ್ಸು ಹತ್ತಿಸು. ನೋಡೋಣ ಎಂದು ಮಾತ್ರ ಬರೆಯಬೇಡ, ಆ ಮಾತು ಎಷ್ಟು ಉದ್ದ ಎಂದು ನನಗೆ ಗೊತ್ತು. ಆಗುತ್ತದೆ ಎಂದಾದರೆ ಇಷ್ಟಕ್ಕೆ ಉತ್ತರ ಬರೆ, ಸಾಕು: ಬೆಳಿಗ್ಗೆ ಎಷ್ಟು ಗಂಟೆಗೆ ಬರಲಿ, ಮೇಸ್ತ್ರಿ?